ಜಾಝ್ ರೆಕಾರ್ಡ್ ಹುಡುಕಾಟ: ಶಿರಸಿ, ಮಡಗಾಂವ್, ಕೊರಿಯರ್

ಕಾರವಾರದಲ್ಲಿ ಕೂತು ಹಳೆ ಜಾಝ್ ಎಲ್‌ಪಿ (ಹಾಡಿನ ದೊಡ್ಡ ತಟ್ಟೆ) ಹುಡುಕುವವರಿಗೆ ಮೂರು ದಾರಿ. ಘಟ್ಟ ಹತ್ತಿ ಶಿರಸಿ ಕಡೆಯ ಗುಜರಿ ಅಂಗಡಿ ಮತ್ತು ಹಳೆ ಮನೆಗಳ ಅಟ್ಟ. ಕಾಳಿ ಸೇತುವೆ ದಾಟಿ ಗೋವಾ. ಇಲ್ಲವೇ ಫೋನಿನಲ್ಲೇ ಆರ್ಡರ್. ಮೂರನ್ನೂ ನೋಡಿದ್ದೇನೆ. ಜಾಝೇ ಬೇಕು ಅಂದರೆ ಗೋವಾಕ್ಕೆ ಹೋಗಿ, ಜಾಸ್ತಿ ಯೋಚನೆ ಬೇಡ.

ಶಿರಸಿಯಲ್ಲಿ ಜಾಝ್ ಕೇಳಿದರೆ ಅಂಗಡಿಯವರು ಸುಮ್ನೆ ಮುಖ ನೋಡುತ್ತಾರೆ. ಆದರೆ ಬರೀ ವಾದ್ಯ ಸಂಗೀತ ಸಾಕು ಅನ್ನುವವರಿಗೆ ಅಲ್ಲಿ ಹಬ್ಬ. ವ್ಯಾನ್ ಶಿಪ್ಲೆ, ಸುನಿಲ್ ಗಂಗೂಲಿ ಗಿಟಾರಿನಲ್ಲಿ ನುಡಿಸಿದ ಸಿನಿಮಾ ಹಾಡುಗಳು, ಬಿಸ್ಮಿಲ್ಲಾ ಖಾನರ ಶಹನಾಯಿ. ಹೆಚ್ಚಿನವು ಕೋಲ್ಕತ್ತದ ಡಮ್‌ಡಮ್ ಕಾರ್ಖಾನೆಯಲ್ಲಿ ಅಚ್ಚಾದ ಎಚ್‌ಎಂವಿ ಕಂಪನಿಯ ತಟ್ಟೆಗಳು. ಬೆಲೆ ಗುಜರಿಯದೇ. ಕಾಟ ಕೊಡುವುದು ಮಳೆ. ಅಟ್ಟದಲ್ಲಿದ್ದ ತಟ್ಟೆಗೆ ಬೂಷ್ಟು ಹಿಡಿಯದೆ ಇರುತ್ತದಾ? ವಿನೈಲ್ ಪ್ಲಾಸ್ಟಿಕ್ಕಿನ ಎಲ್‌ಪಿ ಆದರೆ ಡಿಸ್ಟಿಲ್ಡ್ ನೀರು, ಅದಕ್ಕೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತಗೆ ಒರೆಸಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ತಟ್ಟೆಗೆ ಮಾತ್ರ ಆಲ್ಕೋಹಾಲ್ ಮುಟ್ಟಿಸಬೇಡಿ. ಅದು ಅರಗಿನದು, ಕರಗಿ ಹೋಗುತ್ತದೆ. ಅದಕ್ಕೆ ಸೂಜಿಯೂ ಬೇರೆ ಬೇಕು. ಎಲ್‌ಪಿಯ ಸಣ್ಣ ಸೂಜಿ ಅದರ ಅಗಲ ತೋಡಿನ ತಳದಲ್ಲಿ ಓಲಾಡುತ್ತದೆ.

ಗೋವಾದ ಕಥೆಯೇ ಬೇರೆ. ಪೋರ್ಚುಗೀಸರ ಕಾಲದಿಂದ ಅಲ್ಲಿನ ಚರ್ಚ್ ಶಾಲೆಗಳಲ್ಲಿ ಹುಡುಗರು ನೊಟೇಶನ್ ನೋಡಿ ಪಿಟೀಲು ಕಲಿತರು. ಮುಂದೆ ಅದೇ ಊರುಗಳವರು ಮುಂಬೈ ಹೋಟೆಲುಗಳ ಬ್ಯಾಂಡು, ಹಿಂದಿ ಸಿನಿಮಾದ ಆರ್ಕೆಸ್ಟ್ರಾ ತುಂಬಿದರು. ತಾಜ್ ಹೋಟೆಲಿನಲ್ಲಿ ಟ್ರಂಪೆಟ್ ಊದಿದ ಚಿಕ್ ಚಾಕೊಲೇಟ್ ಗೋವಾದವರೇ. ಇಂಥ ನಾಡಿನ ಮನೆಗಳಲ್ಲಿ ಎಲಿಂಗ್ಟನ್, ಆರ್ಮ್‌ಸ್ಟ್ರಾಂಗ್‌ರಂಥ ಜಾಝ್ ದಿಗ್ಗಜರು ಸಿಕ್ಕರೆ ಆಶ್ಚರ್ಯ ಏನಿಲ್ಲ, ಅಲ್ವಾ? ಅವರ ನಡುವೆ ರಾಶಿ ರಾಶಿ ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ ಕೂಡ ಇರುತ್ತಾನೆ, ಅವನನ್ನು ಸರಿಸುತ್ತಾ ಹೋಗಬೇಕು. ಮಾರುವವರಿಗೆ ಮಾಲು ಗೊತ್ತು, ಹಾಗಾಗಿ ಚೌಕಾಸಿ ನಡೆಯುವುದು ಕಡಿಮೆ. ಆದರೆ ಬೆಳಕಿಗೆ ಓರೆ ಹಿಡಿದು ಗೀರು ನೋಡಬಹುದು. ಉಗುರಿಗೆ ತಾಗುವ ಗೀರು ಸೂಜಿಗೂ ತಾಗುತ್ತದೆ, ಅಂಥದ್ದು ಬಿಟ್ಟುಬಿಡಿ. ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕಿಕೊಂಡು ಮಲಗುತ್ತವೆ. ಮಡಗಾಂವ್‌ಗೆ ಬೆಳಗಿನ ರೈಲೇ ವಾಸಿ.

ಆನ್‌ಲೈನ್ ಬೇಕಾಗುವುದು ಇಂಥದ್ದೇ ರೆಕಾರ್ಡ್ ಬೇಕು ಅನ್ನುವಾಗ. ಜಾಝ್ ಪಿಯಾನೋ ವಾದಕ ಡೇವ್ ಬ್ರುಬೆಕ್‌ನ 1959ರ 'ಟೈಮ್ ಔಟ್' ನನಗೆ ಸಿಕ್ಕಿದ್ದು ಹಾಗೇ. ಅದೇ ದಾರಿಯಲ್ಲಿ ಬಂದ ಇನ್ನೊಂದು ತಟ್ಟೆ ಹಪ್ಪಳದ ಹಾಗೆ ಸೊಟ್ಟಗಿತ್ತು. 'ವಿಜಿ ಪ್ಲಸ್' (ತುಂಬಾ ಚೆನ್ನಾಗಿದೆ ಅನ್ನುವ ದರ್ಜೆ) ಅಂತ ಬರೆದಿದ್ದ ಮಾರಾಟಗಾರ ಆಮೇಲೆ ಫೋನೇ ಎತ್ತಲಿಲ್ಲ. ದುಡ್ಡು ಹಾಕುವ ಮೊದಲು ಓರೆ ಬೆಳಕಿನ ಫೋಟೊ ಕೇಳಿ. ತಟ್ಟೆಯನ್ನು ರಟ್ಟಿನ ಕವರಿನಿಂದ ಹೊರಗಿಟ್ಟು ಪ್ಯಾಕ್ ಮಾಡಲು ಹೇಳಿ, ಇಲ್ಲದಿದ್ದರೆ ಅಲುಗಾಡಿ ಕವರಿನ ಅಂಚು ಸೀಳುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಮಾತ್ರ ತರಿಸಲೇಬೇಡಿ.