‘ಬೆಟ್ಟಿ ಬ್ಲೂ’ ನೋಡೋದಾ, ‘ಪಾಂ ನಫ್ ಪ್ರೇಮಿಗಳ’ನ್ನಾ?

ಒಂದೇ ರಾತ್ರಿ ಬಿಡುವಿದೆ, ಫ್ರೆಂಚರ ಪ್ರೇಮದ ಹುಚ್ಚು ನೋಡಬೇಕು ಅಂದರೆ ಈ ಎರಡು ಸಿನಿಮಾಗಳಲ್ಲೊಂದು. ‘ಬೆಟ್ಟಿ ಬ್ಲೂ’ (1986) ಬೆಟ್ಟಿಯಾಗಿ ನಟಿಸಿದ ಬೇಯಾತ್ರೀಸ್ ದಾಲ್ ಅವರ ಮೊದಲ ಚಿತ್ರ; ಹಾಗನ್ನಿಸುವುದೇ ಇಲ್ಲ. ಸಿಟ್ಟು ಬಂದರೆ ಮನೆಯ ಸಾಮಾನೆಲ್ಲ ಹೊರಗೆಸೆದು, ಮನೆಗೇ ಬೆಂಕಿ ಇಡುವವಳು ಬೆಟ್ಟಿ. ಅದನ್ನೆಲ್ಲ ತಣ್ಣಗೆ ಸಹಿಸುವ ಪ್ರೇಮಿಯಾಗಿ ಜಾನ್-ಯೂಗ್ ಆಂಗ್ಲಾದ್ ನನ್ನನ್ನು ಇನ್ನೂ ಹೆಚ್ಚು ಕಾಡಿದರು. ಮೂರು ಗಂಟೆಯ ಆವೃತ್ತಿಯೂ ಇದೆ. ಮೊದಲ ಸಲಕ್ಕೆ ಎರಡು ಗಂಟೆಯದೇ ಸಾಕು.

ನಿರ್ದೇಶಕ ಕರಾಕ್ಸ್ ಅವರ ‘ಪಾಂ ನಫ್ ಪ್ರೇಮಿಗಳು’ (1991) ಬೇರೆಯೇ ಜಾತಿ. ಪಾಂ ನಫ್ ಅಂದರೆ ಪ್ಯಾರಿಸ್ಸಿನ ಒಂದು ಸೇತುವೆ. ಕಣ್ಣು ಮಂಜಾಗುತ್ತಿರುವ ಚಿತ್ರಕಲಾವಿದೆ ಜೂಲಿಯೆಟ್ ಬಿನೋಶ್. ಬಾಯಿಂದ ಬೆಂಕಿ ಉಗುಳುವ ಬೀದಿ ಹುಡುಗ ದೆನಿ ಲಾವಾಂ. ಲಾವಾಂಗೆ ಮೈಯೇ ಮಾತು. ಬಾಣಬಿರುಸಿನ ಕೆಳಗೆ ಸೇತುವೆಯ ಮೇಲೆ ಇಬ್ಬರೂ ಕುಣಿಯುವುದನ್ನು ಮೊಬೈಲಿನಲ್ಲಿ ನೋಡಬೇಡಿ, ದೊಡ್ಡ ಪರದೆಯೇ ಬೇಕು. (ಆ ಸೇತುವೆ ಬಹುಪಾಲು ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ಬಳಿ ಹಾಕಿದ ಸೆಟ್ಟು!)

ಮನೆಯವರ ಜೊತೆ ಕೂರುವುದಾದರೆ ಬೆಟ್ಟಿ ಬೇಡವೇ ಬೇಡ.