ನೀವು ತುಂಬಾ ಎತ್ತರ ಇದ್ದೀರಾ? ಹಳೇ ಯೆಜ್ಡಿ ಆಲ್ಟರ್ ಮಾಡಿಸುವ ಮುಂಚೆ ಇದನ್ನು ಓದಿ

ಆರಡಿ ದಾಟಿದವರು, ಮನೆಯಲ್ಲಿ ಹಳೇ ಯೆಜ್ಡಿ ರೋಡ್‌ಕಿಂಗ್ ಇದೆ, ಅದನ್ನು ನಮ್ಮ ಅಳತೆಗೆ ಸ್ವಲ್ಪ ಎತ್ತರ ಮಾಡಿಸೋಣ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ಗಾಡಿ ಎತ್ತರ ಮಾಡಿಕೊಡ್ತೀವಿ ಸಾರ್" ಅನ್ನುವ ವರ್ಕ್‌ಶಾಪಿಗೆ ದಯವಿಟ್ಟು ಗಾಡಿ ಬಿಡಬೇಡಿ. ನಮಗೆ ಬೇಕಾಗಿರುವುದು ಸೀಟಿಗೂ ಫುಟ್‌ರೆಸ್ಟ್‌ಗೂ ನಡುವೆ ಜಾಗ. ಗಾಡಿಯ ಎತ್ತರ ಜಾಸ್ತಿಯಾದರೆ ಆ ಜಾಗ ಒಂದು ನೂಲಿನಷ್ಟೂ ಹೆಚ್ಚುವುದಿಲ್ಲ.

ನನ್ನ ಎತ್ತರ 6 ಅಡಿ 5 ಇಂಚು, ಷೂ 12ನೇ ನಂಬರ್. "ಅಷ್ಟು ಉದ್ದ ಇದ್ದೀಯ, ದೊಡ್ಡ ಗಾಡಿ ತಗೋಬಾರದಾ?" ಅಂತ ಎಲ್ಲರೂ ಕೇಳುತ್ತಾರೆ. ಮೈಸೂರಿನವನಿಗೆ ಯೆಜ್ಡಿ ಮೇಲಿನ ಆಸೆ ಬಿಡಿಸಿ ಹೇಳಬೇಕಾ? ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾಗಿ, 1996ರಲ್ಲಿ ಅದು ಮುಚ್ಚುವವರೆಗೂ ಬಂದ ಗಾಡಿ. 2022ರಲ್ಲಿ ಮತ್ತೆ ಬಂದ ಯೆಜ್ಡಿಯ ಮಾತು ಬೇರೆ, ನಾನು ಹೇಳುತ್ತಿರುವುದು ಹಳೇ ಟೂ ಸ್ಟ್ರೋಕ್ 250ರ ಬಗ್ಗೆ. ಅದರ ಮೇಲೆ ಕೂತರೆ ನನ್ನ ಮೊಣಕಾಲು ಹೊಟ್ಟೆಯ ಹತ್ತಿರ ಬರುತ್ತಿತ್ತು. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಕ್ಲಚ್ ಲಿವರ್ ಬಂದು ಮಂಡಿಗೆ ತಾಗುತ್ತಿತ್ತು.

ಹಳೇ ಬೈಕುಗಳನ್ನು ಮಾಡಿಫೈ ಮಾಡುವ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಹೆಸರು ಬೇಡ, ಇಂಥವು ಎಲ್ಲ ಊರಲ್ಲೂ ಇವೆ. ಗೋಡೆ ತುಂಬಾ ಫೋಟೋ, ಎಲ್ಲಾ ಗಾಡಿಯೂ ಫಳಫಳ. ನಾನು ಗಾಡಿ ಮೇಲೆ ಕೂತು ಮಂಡಿ ತೋರಿಸಿದೆ. ಮಾಲೀಕ ನೋಡಿ, "ಬಿಡಿ ಸಾರ್, ನಿಮಗೆ ಹೇಳಿ ಮಾಡಿಸಿದ ಹಾಗೆ ಕೊಡ್ತೀನಿ" ಅಂದ. ಟೇಪು ಹಿಡಿದು ಅಳೆಯಲಿಲ್ಲ.

ಮೂರು ಕೆಲಸ ಮಾಡಿದ್ದ. ಹಿಂದಿನ ಶಾಕಬ್ಸರ್‌ಗಳ ಕೆಳಗೆ ಎಕ್ಸ್‌ಟೆಂಡರ್ (ಅವುಗಳ ಉದ್ದ ಹೆಚ್ಚಿಸುವ ತುಂಡು) ಕೂರಿಸಿ ಹಿಂಭಾಗವನ್ನು ಸುಮಾರು 2 ಇಂಚು ಎತ್ತಿದ್ದ. ಹ್ಯಾಂಡಲ್ ಕೆಳಗೆ ಅದನ್ನು ಮೇಲೆತ್ತುವ ರೈಸರ್ ಹಾಕಿದ್ದ. ಫುಟ್‌ರೆಸ್ಟನ್ನು ಕಿತ್ತು, ಒಂದು ಗೇಣು ಹಿಂದೆ ಹೊಸದನ್ನು ಫ್ರೇಮಿಗೇ ವೆಲ್ಡ್ ಮಾಡಿಬಿಟ್ಟಿದ್ದ.

ಶಾಕಬ್ಸರ್ ಎತ್ತಿದರೆ ಸೀಟು ಮೇಲೇಳುತ್ತದೆ, ನಿಜ. ಆದರೆ ಫುಟ್‌ರೆಸ್ಟೂ ಅದೇ ಫ್ರೇಮಿನಲ್ಲಿ ಇರೋದು, ಅದೂ ಜೊತೆಗೇ ಏಳುತ್ತದೆ. ಮಂಡಿ ಮಡಚಿದ್ದು ಮಡಚಿದ ಹಾಗೇ ಇರುತ್ತದೆ. ನೆಲಕ್ಕೆ ಕಾಲು ಎಟುಕದೆ ಇರುವ ಸಮಸ್ಯೆ ನಮ್ಮಂಥವರಿಗೆ ಯಾವತ್ತೂ ಇರಲಿಲ್ಲವಲ್ಲ! ಅಂದರೆ ಇಲ್ಲದ ರೋಗಕ್ಕೆ ಔಷಧಿ, ಅದೂ ಅಡ್ಡಪರಿಣಾಮದ ಜೊತೆ. ಇಷ್ಟುದ್ದದ ಬೈಕಿನ ಹಿಂಭಾಗ 2 ಇಂಚು ಎದ್ದರೆ ಇಡೀ ಗಾಡಿ ಸುಮಾರು 2 ಡಿಗ್ರಿ ಮುಂದಕ್ಕೆ ಬಾಗುತ್ತದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಆ ಮಟ್ಟಿಗೆ ನೆಟ್ಟಗಾಗಿ, ಸ್ಪೀಡಿನಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ. ಹೆಡ್‌ಲೈಟ್ ಬೆಳಕು ಮೊದಲಿಗಿಂತ ಹತ್ತಿರದಲ್ಲೇ ಬೀಳುತ್ತದೆ. ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಗಾಡಿ ಪೂರ್ತಿ ವಾಲುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲದಲ್ಲೇ ಇರುತ್ತದೆ, ಪಂಕ್ಚರ್ ಆದರೆ ಗತಿ ಏನು?

ಚೈನ್ ವಿಷಯ ಯಾರೂ ಹೇಳುವುದಿಲ್ಲ. ಯೆಜ್ಡಿಯ ಚೈನ್ ಪೂರ್ತಿ ಮುಚ್ಚಿರುತ್ತದೆ, ಮೇಲೊಂದು ಕೆಳಗೊಂದು ರಬ್ಬರ್ ಕೊಳವೆಯೊಳಗೆ ಓಡುತ್ತದೆ. ಹಿಂದಿನ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು) ಜಾಸ್ತಿ ಕೆಳಕ್ಕೆ ಇಳಿಬಿದ್ದರೆ ಚೈನ್ ಆ ರಬ್ಬರನ್ನು ಉಜ್ಜಲು ಶುರು ಮಾಡುತ್ತದೆ. ಇನ್ನೊಂದು, ಖಾಲಿ ಗಾಡಿಯಲ್ಲಿ ಚೈನ್ ಸಡಿಲ ಸರಿಯಾಗಿದೆ ಅನ್ನಿಸುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹಂಪ್ ಹತ್ತಿಸಿದಾಗ ಎಂಜಿನ್ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಚಕ್ರ), ಸ್ವಿಂಗ್ ಆರ್ಮ್ ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುತ್ತವೆ, ಚೈನ್ ಬಿಗಿಯುವುದು ಆಗಲೇ. ಅದರ ಎಳೆತವೆಲ್ಲ ಬೇರಿಂಗ್ ಮೇಲೆ.

ಫುಟ್‌ರೆಸ್ಟ್ ಹಿಂದಕ್ಕೆ ಹಾಕುವುದು ರೇಸ್ ಗಾಡಿಯ ಸ್ಟೈಲ್. ನೋಡಲು ಚೆನ್ನ. ಆದರೆ ಉದ್ದ ಕಾಲಿನವರ ಮಂಡಿ ಅದರಿಂದ ಇನ್ನೂ ಮಡಚುತ್ತದೆ. ಯೆಜ್ಡಿಯಲ್ಲಿ ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ, ಅದು ಎಂಜಿನ್‌ನಿಂದಲೇ ಹೊರಬರುತ್ತದೆ, ಅದನ್ನು ಹಿಂದೆ ತರಲು ಆಗುವುದಿಲ್ಲ. ಕಾಲು ಮಾತ್ರ ಹಿಂದೆ ಹೋಯಿತು, ಲಿವರ್ ಇದ್ದಲ್ಲೇ ಉಳಿಯಿತು. ಬ್ರೇಕ್ ಪೆಡಲ್‌ದೂ ಅದೇ ಕಥೆ. ಬ್ರೇಕ್ ಹಾಕಬೇಕಾದರೆ ಫುಟ್‌ರೆಸ್ಟ್‌ನಿಂದ ಕಾಲೆತ್ತಿ ಮುಂದೆ ಹುಡುಕಬೇಕಿತ್ತು. ಇದನ್ನು ಕೇಳಿದ್ದಕ್ಕೆ ಬಂದ ಉತ್ತರ: "ಓಡಿಸ್ತಾ ಓಡಿಸ್ತಾ ಅಭ್ಯಾಸ ಆಗುತ್ತೆ ಸಾರ್."

ನನ್ನನ್ನು ಬೀಳಿಸಿದ್ದು ಮಾತ್ರ ಇವೆರಡೂ ಅಲ್ಲ, ಹ್ಯಾಂಡಲ್ ರೈಸರ್. ಹ್ಯಾಂಡಲ್ ಮೇಲೆತ್ತಿದವನು ಹಳೇ ಕೇಬಲ್‌ಗಳನ್ನೇ ಬಿಟ್ಟಿದ್ದ. ನೇರ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ಮನೆ ಗೇಟಿನಿಂದ ಹೊರಬಂದು, ಕಿರಿದಾದ ಗಲ್ಲಿಯಲ್ಲಿ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಆಕ್ಸಿಲರೇಟರ್ ಕೇಬಲ್ ಸೆಟೆದು ಗಾಡಿ ತಾನಾಗೇ ರೈಸ್ ಆಯಿತು. ಬಲಗೈ ಪೂರ್ತಿ ಬಿಟ್ಟರೂ ಸದ್ದು ಏರುತ್ತಲೇ ಇದೆ! ಬಲಗಾಲು ಬ್ರೇಕ್ ಹುಡುಕುತ್ತಿದೆ, ಅದು ಸಿಗುತ್ತಿಲ್ಲ. ಎದುರುಮನೆ ಕಾಂಪೌಂಡಿಗೆ ಗುದ್ದಿ ನಿಂತಿತು. ಮಣಿಕಟ್ಟಿಗೆ ಪಟ್ಟಿ ಬಿತ್ತು, ಫೋರ್ಕ್ ಬಾಗಿತು. ಆ ಹೊತ್ತಿಗೆ ಗಲ್ಲಿಯಲ್ಲಿ ಮಕ್ಕಳು ಆಡುತ್ತಿರಲಿಲ್ಲ, ಪುಣ್ಯ.

ಆದ್ದರಿಂದ ಹ್ಯಾಂಡಲ್ ಮುಟ್ಟಿದ ಯಾವುದೇ ಗಾಡಿ ವರ್ಕ್‌ಶಾಪಿನಿಂದ ತರುವಾಗ ಅಲ್ಲೇ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲನ್ನು ಆ ಕೊನೆಯಿಂದ ಈ ಕೊನೆಗೆ ನಿಧಾನವಾಗಿ ತಿರುಗಿಸಿ. ಎಂಜಿನ್ ಸದ್ದು ಒಂಚೂರು ಏರಿದರೂ ಗಾಡಿ ತೆಗೆದುಕೊಳ್ಳಬೇಡಿ. ಕ್ಲಚ್, ಮುಂದಿನ ಬ್ರೇಕ್ ಕೇಬಲ್ ಸೆಟೆಯುತ್ತದೆಯಾ ಅದನ್ನೂ ನೋಡಿ.

ಕಾಗದಪತ್ರದ ತಲೆನೋವು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಹಳೇ ಯೆಜ್ಡಿಗಳೆಲ್ಲ 15 ವರ್ಷ ಎಂದೋ ದಾಟಿವೆ. ಅಂದರೆ 5 ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಓ ಇನ್ಸ್‌ಪೆಕ್ಟರ್ ಎದುರು ಗಾಡಿ ನಿಲ್ಲಿಸಲೇಬೇಕು. ಫ್ರೇಮಿನ ಮೇಲೆ ಹಸಿ ವೆಲ್ಡಿಂಗ್ ಕಂಡರೆ ಅವರು ಸುಮ್ನೆ ಬಿಡ್ತಾರಾ?

ಆಮೇಲೆ ಗಾಡಿ ಸರಿ ಮಾಡಿಕೊಟ್ಟವರು ಜಾವಾ ಕೆಲಸದಲ್ಲೇ ತಲೆ ಹಣ್ಣಾದ ಒಬ್ಬ ಮೆಕ್ಯಾನಿಕ್. ಮೊದಲು ನನ್ನನ್ನು ಕೂರಿಸಿ ಸೀಟಿನಿಂದ ಫುಟ್‌ರೆಸ್ಟ್‌ವರೆಗೆ ಟೇಪು ಹಿಡಿದರು. ಎಕ್ಸ್‌ಟೆಂಡರ್ ಬಿಚ್ಚಿ ಎಸೆದರು. ಸೀಟನ್ನು ರೆಕ್ಸಿನ್ ಅಂಗಡಿಗೆ ಕಳಿಸಿ ಗಟ್ಟಿ ಫೋಮ್ ಹಾಕಿಸಿ 2 ಇಂಚು ಎತ್ತರಿಸಿದರು. ಮೆತ್ತನೆಯದು ಬೇಡ ಅಂದರು, ನನ್ನ ಭಾರಕ್ಕೆ ಅದು ಕುಸಿದು ಮತ್ತೆ ಅಲ್ಲಿಗೇ ಬರುತ್ತದಂತೆ. ಫುಟ್‌ರೆಸ್ಟ್ ಮೊದಲಿದ್ದ ಜಾಗದಲ್ಲೇ, ಬೋಲ್ಟ್ ಹಾಕುವ ಬ್ರಾಕೆಟ್‌ನಿಂದ ಒಂದೇ ಇಂಚು ಕೆಳಗೆ. ಅದಕ್ಕಿಂತ ಇಳಿಸಿದರೆ ತಿರುವಿನಲ್ಲಿ ನೆಲಕ್ಕೆ ಉಜ್ಜುತ್ತದೆ. ಗೇರ್ ಲಿವರ್ ಕೆಳಗೆ ನನ್ನ ಷೂ ತೂರುತ್ತದಾ ಅಂತ ಕಾಲಿಟ್ಟು ತೋರಿಸಲು ಹೇಳಿದರು. ಹ್ಯಾಂಡಲ್‌ಗೆ ಸ್ವಲ್ಪ ಎತ್ತರದ್ದು, ಜೊತೆಗೆ ಉದ್ದ ಕೇಬಲ್‌ಗಳು. ಫೋಮ್ ಬಿಟ್ಟರೆ ಎಲ್ಲವೂ ಸ್ಪ್ಯಾನರ್‌ನಲ್ಲಿ ಬಿಚ್ಚಿ ವಾಪಸ್ ಹಾಕುವಂಥದ್ದು. ಖರ್ಚು ಆ ವರ್ಕ್‌ಶಾಪಿಗೆ ಕೊಟ್ಟದ್ದರ ಕಾಲು ಭಾಗವೂ ಆಗಲಿಲ್ಲ. ಮಂಡಿ ಪೂರ್ತಿ ಆರಾಮ ಆಯ್ತು ಅಂತ ಸುಳ್ಳು ಹೇಳಲ್ಲ, ಆದರೆ ಕೆಆರ್‌ಎಸ್‌ಗೆ ಹೋಗಿ ಬರಲು ಏನೂ ತೊಂದರೆ ಇಲ್ಲ.

ಫ್ರೇಮಿನ ವೆಲ್ಡಿಂಗ್ ಕತ್ತರಿಸಿದ ಜಾಗವನ್ನು ಈಗಲೂ ಗಾಡಿ ತೊಳೆದಾಗಲೆಲ್ಲ ಬಿರುಕು ಬಂದಿದೆಯಾ ಅಂತ ನೋಡುತ್ತೇನೆ. ಆ ಮೊದಲ ವರ್ಕ್‌ಶಾಪಿನಲ್ಲಿ ಮೂಲ ಫುಟ್‌ರೆಸ್ಟ್ ವಾಪಸ್ ಕೇಳಿದರೆ "ಗುಜರಿಗೆ ಹೋಯ್ತು ಸಾರ್" ಅಂದರು. ಅದೇ ಅಳತೆಯದು ಹುಡುಕಲು ಮೈಸೂರು ಸುತ್ತಿ, ಬೆಂಗಳೂರಿನ ಜೆ.ಸಿ. ರಸ್ತೆವರೆಗೂ ಹೋಗಬೇಕಾಯಿತು. ಯಾರಿಗೇ ಕೊಡಿ, ಬಿಚ್ಚಿದ ಒಂದೊಂದು ಭಾಗವನ್ನೂ, ಬೋಲ್ಟ್ ಸಮೇತ, ಅವತ್ತೇ ಚೀಲಕ್ಕೆ ಹಾಕಿಸಿಕೊಂಡು ಬನ್ನಿ.