ಕಲಬುರಗಿ ಬಿಸಿಲಲ್ಲಿ ಓ.ಎಸ್. 46 ಎಎಕ್ಸ್: ಕೆಲವು ವರ್ಷ ಬಳಸಿದ ಮೇಲೆ

ರಿಮೋಟ್‌ನಿಂದ ಹಾರಿಸುವ ನನ್ನ ಮಾದರಿ ವಿಮಾನಕ್ಕೆ (ಹೈ-ವಿಂಗ್ ಟ್ರೇನರ್, ಅಂದರೆ ರೆಕ್ಕೆ ಮೇಲ್ಗಡೆ ಇರುವ, ಕಲಿಯುವವರ ವಿಮಾನ) ಈ ಇಂಜಿನ್ ಹಾಕಿ ಕೆಲವು ವರ್ಷ ಆಯ್ತು. ಜಪಾನಿನ ಓ.ಎಸ್. ಕಂಪನಿಯದು, ಸುಮಾರು 7.5 ಸಿಸಿ, ಟೂ-ಸ್ಟ್ರೋಕ್ ಗ್ಲೋ ಇಂಜಿನ್, ಅಂದರೆ ಮೆಥನಾಲ್ ಬೆರೆತ ಇಂಧನದಿಂದ ಓಡುವಂಥದ್ದು. ಪ್ರೊಪೆಲರ್ 11x6 (ಉದ್ದ 11 ಇಂಚು, ಪಿಚ್ ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕ 6 ಇಂಚು). ತೊಗರಿ ರಾಶಿ ಮುಗಿದು ಖಾಲಿ ಬಿದ್ದ ಹೊಲದಲ್ಲಿ ಹಾರಿಸುತ್ತೇನೆ. ವಿಮಾನ ನಿಲ್ದಾಣ ಇರುವ ಶ್ರೀನಿವಾಸ ಸರಡಗಿ ಕಡೆ ಮಾತ್ರ ಯಾರೂ ಹೋಗಬೇಡಿ.

ಶಕ್ತಿ ಬೇಕಾದಷ್ಟಿದೆ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಇದರ ನೀಡಲ್, ಅಂದರೆ ಇಂಧನ ಎಷ್ಟು ಹರಿಯಬೇಕೆಂದು ಹೊಂದಿಸುವ ತಿರುಪು. ಒಮ್ಮೆ ಕೂರಿಸಿದರೆ ಹವಾ ಬದಲಾಗುವ ತನಕ ಮುಟ್ಟುವುದೇ ಬೇಡ.

ಹವಾ ಬದಲಾದಾಗ ಮಾತ್ರ ಮುಟ್ಟಲೇಬೇಕು. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಮ್ಮಿ. ಗಾಳಿಯ ಲೆಕ್ಕಕ್ಕೆ ಇಂಧನ ಜಾಸ್ತಿಯಾಗಿ (ಇದಕ್ಕೆ ರಿಚ್ ಅನ್ನುತ್ತಾರೆ) ಇಂಜಿನ್ ಮಂಕಾಗುತ್ತದೆ, ಹೊಗೆ ಜಾಸ್ತಿ ಬರುತ್ತದೆ. ನೀಡಲ್ ಒಂದೆರಡು ಕ್ಲಿಕ್ ಮುಚ್ಚಿದರೆ ಸಾಕು. ನಿಜವಾದ ಅಪಾಯ ಚಳಿಗಾಲದ ಬೆಳಗ್ಗೆ. ಬೇಸಿಗೆಯ ಸೆಟ್ಟಿಂಗ್‌ನಲ್ಲೇ ಆಗ ಹಾರಿಸಿದರೆ ಇಂಜಿನ್ ಲೀನ್ ಆಗಿ (ಇಂಧನ ಕಮ್ಮಿ ಬಿದ್ದು) ಬಿಸಿಯಾಗುತ್ತದೆ, ಮೇಲೆ ಹೋದಾಗ ಬಂದ್ ಬೀಳುತ್ತದೆ.

ಹಾಗಾಗಿ ಪ್ರತಿ ಸಲ ಒಂದು ಪರೀಕ್ಷೆ ಮಾಡುತ್ತೇನೆ. ಫುಲ್ ಥ್ರಾಟಲ್ ಕೊಟ್ಟು, ಪ್ರೊಪೆಲರ್ ಹಿಂದೆ ನಿಂತು, ವಿಮಾನದ ಮೂತಿ ಆಕಾಶಕ್ಕೆ ಎತ್ತಿ ಹಿಡಿಯುವುದು. ಸದ್ದು ತುಸು ಏರಿದರೆ ಸರಿ. ಕುಗ್ಗಿದರೆ ನೀಡಲ್ ತೆರೆಯಬೇಕು. ಐಡಲ್‌ಗೆ (ಇಂಜಿನ್ ನಿಧಾನಕ್ಕೆ ಓಡುವಾಗಿನ ಇಂಧನಕ್ಕೆ) ಬೇರೆ ಸ್ಕ್ರೂ ಇದೆ, ಅದಕ್ಕೆ ಕೈ ಹಾಕುವುದು ಮೇನ್ ನೀಡಲ್ ಸರಿಯಾದ ಮೇಲೆ.

ಟ್ರಿಮ್, ಅಂದರೆ ರಿಮೋಟಿನ ಸ್ಟಿಕ್ ಬಿಟ್ಟರೂ ವಿಮಾನ ನೆಟ್ಟಗೆ ಹೋಗುವಂತೆ ಬಟನ್‌ನಿಂದ ಮಾಡುವ ಸಣ್ಣ ಹೊಂದಿಕೆ, ಆಮೇಲಿನ ಮಾತು. ಇಂಜಿನ್ ಒಂದೇ ಸಮ ಓಡದಿದ್ದರೆ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಟ್ರಿಮ್ ಎಷ್ಟು ಒತ್ತಿದರೂ ಸುಮ್ನೆ. ಗಾಳಿ ಇಲ್ಲದ ಹೊತ್ತಲ್ಲಿ, ಅರ್ಧ ಥ್ರಾಟಲ್‌ನಲ್ಲಿ, ಸ್ಟಿಕ್ ಬಿಟ್ಟು ನೋಡಿ. ನನ್ನ ವಿಮಾನ ಅರ್ಧದಲ್ಲಿ ನೆಟ್ಟಗೆ ಹೋಗುತ್ತಿತ್ತು, ಫುಲ್ ಕೊಟ್ಟರೆ ಮೂತಿ ಎತ್ತುತ್ತಿತ್ತು. ಗುರುತ್ವ ಕೇಂದ್ರ ಸರಿಯಿತ್ತು. ಇಂಜಿನ್‌ನ ಹಿಂದಿನ ಬೋಲ್ಟ್‌ಗಳ ಜಾಗದಲ್ಲಿ, ಇಂಜಿನ್‌ಗೂ ಅದನ್ನು ಕೂರಿಸುವ ಮೌಂಟ್‌ಗೂ ನಡುವೆ ತೆಳು ವಾಷರ್ ಇಟ್ಟೆ. ಇಂಜಿನ್ ಸ್ವಲ್ಪ ಕೆಳಮುಖವಾಯಿತು, ಮೂತಿ ಎತ್ತುವುದು ನಿಂತಿತು. ಇದು ಟ್ರಿಮ್ ಬಟನ್‌ನಿಂದ ಆಗುವ ಕೆಲಸವಲ್ಲ.

ತೊಂದರೆ ಅಂದರೆ ಇಂಧನ. ಊರಲ್ಲಿ ಸಿಗುವುದಿಲ್ಲ, ಹೈದರಾಬಾದಿನಿಂದ ತರಬೇಕು. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಮುಚ್ಚಳ ಬಿಗಿಯಾಗಿರಲಿ. ಸಂಜೆ ಇಂಜಿನ್ ಒಳಗೆ ಉಳಿದ ಇಂಧನವನ್ನು ಇಂಜಿನ್ ಓಡಿಸಿಯೇ ಮುಗಿಸಿ, ಕಾರ್ಬ್ಯುರೇಟರ್‌ಗೆ ಎಣ್ಣೆ ಬಿಟ್ಟು ಕೈಯಿಂದ ಪ್ರೊಪೆಲರ್ ತಿರುಗಿಸಿಡಿ, ಇಲ್ಲದಿದ್ದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಎರೆ ಮಣ್ಣಿನ ಧೂಳಿದ್ದಲ್ಲಿ ನೆಲದ ಮೇಲೆ ಸ್ಟಾರ್ಟ್ ಮಾಡಬೇಡಿ, ಒಂದು ತಾಡಪತ್ರಿ ಹಾಸಿಕೊಳ್ಳಿ.